ಪಂಚರಿಗೆ ಎಪ್ಪತ್ತಾದಾಗ

ನಮ್ಮ ಸಂಘದ ನಿಯಮಾವಳಿಯಲ್ಲಿ ಹದಿನಾಲ್ಕನೇ ಕಲಮು ಎಲ್ಲಕ್ಕಿಂತ ಚಿಕ್ಕದು. ‘ನಾಮಪತ್ರ ಸಲ್ಲಿಸುವ ಕೊನೆಯ ದಿನಕ್ಕೆ ಎಪ್ಪತ್ತು ವರ್ಷ ತುಂಬಿದವರು ಪಂಚರ ಸ್ಥಾನಕ್ಕೆ ಸ್ಪರ್ಧಿಸುವಂತಿಲ್ಲ.’ ಒಂದೇ ವಾಕ್ಯ. ಬರೆದವರು ಮೊದಮೊದಲು ಆಸ್ಟ್ರೇಲಿಯಾಕ್ಕೆ ಬಂದ ಕನ್ನಡದವರು. ಇಲ್ಲಿನ ಹೈಕೋರ್ಟಿನ ನ್ಯಾಯಾಧೀಶರೇ ಎಪ್ಪತ್ತಕ್ಕೆ ಮನೆಗೆ ಹೋಗುತ್ತಾರೆ, ನಮಗೂ ಅಷ್ಟೇ ಇರಲಿ ಎಂದು ಬರೆದು ಚಹಾ ಕುಡಿಯಲು ಎದ್ದರಂತೆ. ಆಗ ಅವರೆಲ್ಲ ಮೂವತ್ತರ ಆಸುಪಾಸಿನವರು. ಆ ವಯಸ್ಸಿನಲ್ಲಿ ಎಪ್ಪತ್ತು ಎಂದರೆ ಬೇರೆ ಯಾರಿಗೋ ಬರುವ ಕಾಯಿಲೆ ಇದ್ದ ಹಾಗೆ.

ಆ ಒಂದು ವಾಕ್ಯವನ್ನು ತಿದ್ದಲು ನನಗೆ ಹತ್ತಿರ ಹತ್ತಿರ ಅರ್ಧ ವರ್ಷ ಹಿಡಿಯಿತು. ನಾನು ಬೆಳಗಾವಿಯವಳು. ಸಿಡ್ನಿಯ ಪ್ಯಾರಾಮಟ್ಟಾದ ಒಂದು ಕಚೇರಿಯಲ್ಲಿ ಸಭೆಗಳ ಅಜೆಂಡಾ ಮತ್ತು ನಡಾವಳಿ ಬರೆಯುವುದು ನನ್ನ ಹೊಟ್ಟೆಪಾಡು. ಅದು ಗೊತ್ತಾದ ಕೂಡಲೇ ಸಂಘದವರು ನನ್ನನ್ನು ಹಿಡಿದು ಕಾರ್ಯದರ್ಶಿ ಮಾಡಿದರು. ವಾರವೆಲ್ಲ ಉಂಡದ್ದನ್ನೇ ಭಾನುವಾರವೂ ಉಣ್ಣುವ ಭಾಗ್ಯ.

ಸಂಘ ಒಂದೇ, ಊರು ಎರಡು: ಸಿಡ್ನಿ ಮತ್ತು ಮೆಲ್ಬರ್ನ್. ಎರಡು ವರ್ಷಕ್ಕೊಮ್ಮೆ ಸದಸ್ಯರು ಓಟು ಹಾಕಿ ಐದು ಜನ ಪಂಚರನ್ನು ಆರಿಸುತ್ತಾರೆ. ಸದಸ್ಯರ ನಡುವಿನ ಜಗಳ ಬಗೆಹರಿಸುವುದು ಇವರ ಕೆಲಸ. ಹಾಲ್ ಇಬ್ಬರಿಗೆ ಬುಕ್ ಆದದ್ದು, ನಾಟಕದ ವೇಷಭೂಷಣ ಹರಿದದ್ದು, ಕೂಡಿ ಬಾಡಿಗೆಗಿದ್ದವರು ಮನೆ ಬಿಡುವಾಗ ಮುನಿಸಿಕೊಂಡದ್ದು, ಇಂಥವು. ಪಂಚರ ತೀರ್ಮಾನಕ್ಕೆ ಕಾನೂನಿನ ಬಲವೇನೂ ಇಲ್ಲ. ಆದರೂ ವಕೀಲರ ಹತ್ತಿರ ಹೋಗಿ ಮನಸ್ಸು ಮುರಿದುಕೊಳ್ಳುವುದಕ್ಕಿಂತ ನಮ್ಮವರ ಮುಂದೆ ಕೂತು ಮುಗಿಸಿಕೊಳ್ಳೋಣ ಎನ್ನುವವರು ಬಹಳ ಜನ ಇದ್ದಾರೆ.

ಐವರಲ್ಲಿ ಜನ ಹೆಚ್ಚು ನಂಬುತ್ತಿದ್ದದ್ದು ಧಾರವಾಡದ ಒಬ್ಬ ಹೆಂಗಸನ್ನು. ವೆಸ್ಟ್‌ಮೀಡ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರ ಬಾಯಲ್ಲೂ ಅವರು ‘ಸಿಸ್ಟರ್ ಆಂಟಿ’. ಅವರದೇ ಒಂದು ಪದ್ಧತಿ ಇತ್ತು. ಜಗಳವಾಡಿದವರನ್ನು ಎದುರುಬದುರು ಕೂರಿಸುತ್ತಿರಲಿಲ್ಲ; ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂರಿಸುತ್ತಿದ್ದರು. ಆಮೇಲೆ, “ನಿನ್ನ ದೂರು ಆಮ್ಯಾಲೆ ಕೇಳ್ತೀನಿ, ಮೊದಲ ಅವನ ದೂರು ಏನೈತಿ, ಅದನ್ನ ನೀ ಹೇಳು” ಎನ್ನುತ್ತಿದ್ದರು. ಅವನು ಹೇಳಬೇಕು, ಪಕ್ಕದವನು ‘ಹೌದು, ನನ್ನ ದೂರು ಇದೇ’ ಎಂದು ಒಪ್ಪುವ ತನಕ ತಿದ್ದಿ ತಿದ್ದಿ ಹೇಳಬೇಕು. ಅದಾದ ಮೇಲೆ ಇವನ ಸರದಿ. ಅರ್ಧ ಜಗಳಗಳು ಈ ಹಂತದಲ್ಲೇ ಗಾಳಿ ಹೋದ ಟೈರಿನಂತೆ ಕೂತುಬಿಡುತ್ತಿದ್ದವು. ನಡಾವಳಿ ಬರೆಯಲು ಪಕ್ಕದಲ್ಲಿ ಕೂತಿರುತ್ತಿದ್ದ ನನಗೆ ಪೆನ್ನು ಎತ್ತುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ವರ್ಷ ಅವರ ಕೈಯಲ್ಲಿ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯ ಬೇಲಿಯ ಜಗಳವಿತ್ತು. ಇಬ್ಬರು ಗೆಳೆಯರು, ಒಬ್ಬ ನಮ್ಮ ಬೆಳಗಾವಿ ಕಡೆಯವನು, ಇನ್ನೊಬ್ಬ ತುಮಕೂರಿನವನು. ಓದಲು ಬಂದಾಗ ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರದ ಒಂದೇ ಫ್ಲ್ಯಾಟಿನಲ್ಲಿ ಒಂದೇ ಕುಕ್ಕರಿನ ಅನ್ನ ಉಂಡವರು. ಇಲ್ಲೇ ನೆಲೆಸಲು ಪಿಆರ್ ಆಯಿತು, ಮದುವೆಯಾಯಿತು, ಇಳಿಜಾರಿನಲ್ಲಿ ಅಕ್ಕಪಕ್ಕದ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದರು. ಮೇಲಿನ ಮನೆಯವನು ಹಿತ್ತಲಿಗೆ ಮಣ್ಣು ತುಂಬಿ ಸಮ ಮಾಡಿದ. ಆ ಭಾರಕ್ಕೆ ನಡುವಿನ ತಗಡಿನ ಬೇಲಿ ಕೆಳಗಿನ ಮನೆಯ ಕಡೆಗೆ ವಾಲಿತು. ಮೊದಲು ಮಾತು ನಿಂತಿತು, ಆಮೇಲೆ ಹೆಂಡಂದಿರ ಫೋನ್ ನಿಂತಿತು, ಕೊನೆಗೆ ಮಕ್ಕಳು ಬೇರೆ ಬೇರೆ ಕಾರಿನಲ್ಲಿ ಒಂದೇ ಶಾಲೆಗೆ ಹೋಗತೊಡಗಿದರು. ಆ ಎರಡೂ ಮನೆಯ ಮಕ್ಕಳು ಹುಟ್ಟಿದಾಗ ಮೊದಲು ಎತ್ತಿಕೊಂಡವರು ಸಿಸ್ಟರ್ ಆಂಟಿ. ಹಾಗಾಗಿ ಅವರು ಹೇಳಿದರೆ ಕೇಳುತ್ತೇವೆ, ಇಲ್ಲವಾದರೆ ಟ್ರಿಬ್ಯೂನಲ್‌ಗೇ ಹೋಗುತ್ತೇವೆ ಎಂದು ಇಬ್ಬರೂ ಸಾರಿದ್ದರು.

ತೊಡಕು ಬಂದದ್ದು ಇಲ್ಲಿ. ಪಾಸ್‌ಪೋರ್ಟಿನ ಪ್ರಕಾರ ಆಂಟಿಗೆ ಜೂನ್ ಒಂದಕ್ಕೆ ಎಪ್ಪತ್ತು ತುಂಬುತ್ತಿತ್ತು. ನಾಮಪತ್ರದ ಕೊನೆಯ ದಿನ ಜುಲೈನಲ್ಲಿ, ಚುನಾವಣೆ ಆಗಸ್ಟಿನಲ್ಲಿ. ಅವರು ನಿಲ್ಲುವಂತಿರಲಿಲ್ಲ. ನಿಂತರೆ ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅವರ ಬದಲಿಗೆ ನಿಲ್ಲುವವರೂ ಇರಲಿಲ್ಲ. ನಲವತ್ತರೊಳಗಿನವರಿಗೆ ಮನೆಸಾಲದ ಕಂತು, ಮಕ್ಕಳ ಈಜು, ಶನಿವಾರದ ಶಿಫ್ಟು. ಹೊತ್ತು, ತಾಳ್ಮೆ ಎರಡೂ ಇದ್ದವರು ಅರವತ್ತು ದಾಟಿದವರೇ. ಹಿಂದಿನ ಚುನಾವಣೆಯಲ್ಲಿ ಸಿಡ್ನಿಯ ಮೂರು ಸ್ಥಾನಕ್ಕೆ ನಿಂತವರು ಮೂರೇ ಜನ.

ಅಧ್ಯಕ್ಷರು, ನಾನು, ಖಜಾಂಚಿ ಕೂತು ಮಾತಾಡಿ ಮಿತಿಯನ್ನು ಎಪ್ಪತ್ತೈದಕ್ಕೆ ಏರಿಸುವುದೆಂದು ತೀರ್ಮಾನಿಸಿದೆವು. ಆಂಟಿ ಬೇಡವೆನ್ನಲಿಲ್ಲ. ಕೈಯಲ್ಲಿ ಹಿಡಿದ ಬೇಲಿಯ ಕೆಲಸ ಮುಗಿಸಬೇಕೆಂಬ ಆಸೆ ಅವರಿಗೂ ಇತ್ತು, ಅದನ್ನು ಮುಚ್ಚಿಟ್ಟವರೂ ಅಲ್ಲ.

ನಿಯಮ ತಿದ್ದುವುದು ಅಂದುಕೊಂಡಷ್ಟು ಸಲೀಸಲ್ಲ. ಇದಕ್ಕೆ ವಿಶೇಷ ಠರಾವು ಬೇಕು. ಮೂರು ವಾರ ಮುಂಚೆ ಠರಾವಿನ ಪೂರ್ತಿ ಒಕ್ಕಣೆಯ ಸಮೇತ ನೋಟಿಸು ಹೋಗಬೇಕು. ಸಭೆಯಲ್ಲಿ ಮುಕ್ಕಾಲು ಪಾಲು ಓಟು ಬೀಳಬೇಕು, ಅದೂ ನಮ್ಮಲ್ಲಿ ಸಿಡ್ನಿ ಸಭೆಯಲ್ಲೊಮ್ಮೆ, ಮೆಲ್ಬರ್ನ್ ಸಭೆಯಲ್ಲೊಮ್ಮೆ, ಬೇರೆ ಬೇರೆಯಾಗಿ. ನೋಟಿಸಿನಲ್ಲಿ ಹೋದ ಒಕ್ಕಣೆಯನ್ನು ಸಭೆಯಲ್ಲಿ ಒಂದಕ್ಷರವೂ ಬದಲಿಸುವಂತಿಲ್ಲ. ಬದಲಿಸಿದರೆ ಮತ್ತೆ ನೋಟಿಸು, ಮತ್ತೆ ಎರಡೂ ಊರಿನ ಸಭೆ. ಇದನ್ನೆಲ್ಲ ಹೇಳಿದಾಗ ಅಧ್ಯಕ್ಷರು, ಎಪ್ಪತ್ತು ಹೊಡೆದು ಎಪ್ಪತ್ತೈದು ಬರೆಯೋದಕ್ಕೆ ಇಷ್ಟೊಂದಾ ಎಂದು ನನ್ನನ್ನೇ ಅಪರಾಧಿಯಂತೆ ನೋಡಿದರು.

ಮಾರ್ಚಿನಲ್ಲಿ ಸಿಡ್ನಿ ಸಭೆ ನಡೆಯಿತು. ಕೈ ಎತ್ತಿ ಎಂದರೆ ಹಾಲಿಗೆ ಹಾಲೇ ಎತ್ತಿತು. ಮಧ್ಯಾಹ್ನ ಕೆಲವರು ಪೆಂಡಲ್ ಹಿಲ್‌ನ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಅಲ್ಲಿ ಯಾರೋ ಆಂಟಿಯ ಹುಟ್ಟುಹಬ್ಬದ ಮಾತು ತೆಗೆದರು.

ನಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರ ಹುಟ್ಟಿದ ದಿನ ನೋಡಿದರೆ ಬಹಳಷ್ಟು ಜನ ಜೂನ್ ಒಂದಕ್ಕೇ ಹುಟ್ಟಿದ್ದಾರೆ. ಇಲ್ಲಿನವರು ನೋಡಿದರೆ, ಆ ಒಂದು ದಿನ ಕರ್ನಾಟಕದ ಸೂಲಗಿತ್ತಿಯರ ಗತಿ ಏನಾಗಿತ್ತೋ ಎಂದು ಗಾಬರಿಯಾಗಬೇಕು. ನಮಗೆ ಗೊತ್ತು, ಅದು ಶಾಲೆ ಶುರುವಾಗುವ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಲಿ ಎಂದು ಹೆಡ್‌ಮಾಸ್ತರರು ಹಾಕಿದ ತಾರೀಖು. ಆಂಟಿಯದೂ ಅಂಥದೇ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಅಕ್ಕನ ಜೊತೆ ಶಾಲೆಗೆ ಕಳಿಸಿದರಂತೆ, ಮಾಸ್ತರರು ಒಂದೂವರೆ ವರ್ಷ ಕೂಡಿಸಿ ಬರೆದುಕೊಂಡರಂತೆ. ಖರೆ ಹುಟ್ಟಿದ್ದು ದೀಪಾವಳಿ ಮುಗಿದ ಮೇಲೆ, ಜಾತಕ ಇನ್ನೂ ಅಣ್ಣನ ಮನೆಯಲ್ಲಿದೆ ಎಂದು ಅವರು ನಗುತ್ತ ಹೇಳಿದರು, ನಾವೂ ನಕ್ಕು ಮೊಸರನ್ನ ಕಲಸಿಕೊಂಡೆವು.

ಅಧ್ಯಕ್ಷರು ಮಾತ್ರ ನಗಲಿಲ್ಲ, ಯೋಚಿಸಿದರು. ಒಳ್ಳೆಯ ಮನುಷ್ಯ, ಬೆಂಗಳೂರಿನವರು. ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ, ವಾಟ್ಸಾಪಿನಲ್ಲಿ ಇಡುವವರು. ಏಪ್ರಿಲಿನ ಮೆಲ್ಬರ್ನ್ ಸಭೆಗೆ ಇನ್ನೇನು ಎರಡು ದಿನವಿದೆ ಎನ್ನುವಾಗ ಎರಡೂ ಊರಿನ ಗುಂಪಿಗೆ ಒಂದು ಸಂದೇಶ ಕಳಿಸಿದರು. ಸಿಸ್ಟರ್ ಆಂಟಿಯ ನಿಜವಾದ ವಯಸ್ಸು ಇನ್ನೂ ಎಪ್ಪತ್ತಾಗಿಲ್ಲ, ಜಾತಕ ಇದೆ, ಜೆಪಿ ಮುಂದೆ, ಅಂದರೆ ಇಲ್ಲಿನ ನೋಟರಿಯಂಥವರ ಮುಂದೆ, ಒಂದು ಡಿಕ್ಲರೇಷನ್ ಮಾಡಿಸಿದರೆ ಹಳೆಯ ನಿಯಮದಲ್ಲೂ ಅವರು ನಿಲ್ಲಬಹುದು, ಆದ್ದರಿಂದ ಯಾರೂ ಚಿಂತಿಸಬೇಡಿ. ಕೊನೆಗೆ ಕೈಮುಗಿದ ಮೂರು ಚಿತ್ರ.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅಲ್ಲಿಯವರೆಗೆ ಮೆಲ್ಬರ್ನಿನ ಹುಡುಗರಿಗೆ ಇದು ಬರೀ ಒಂದು ಅಂಕಿಯ ಬದಲಾವಣೆಯಾಗಿತ್ತು. ಈಗ ಇದು ಒಬ್ಬರಿಗಾಗಿ ನಡೆಯುತ್ತಿರುವ ಕಸರತ್ತು ಎಂದು ಕಣ್ಣಿಗೆ ಕಂಡಿತು. ನೌಕರಿಗೆ, ಪೆನ್ಷನ್ನಿಗೆ ಒಂದು ವಯಸ್ಸು, ಚುನಾವಣೆಗೆ ಇನ್ನೊಂದು ವಯಸ್ಸೇ ಎಂದು ಒಬ್ಬ ಕೇಳಿದ. ಆ ಭಾನುವಾರ ಮೆಲ್ಬರ್ನಿನಲ್ಲಿ ಠರಾವು ಬಿದ್ದುಹೋಯಿತು. ಮುಕ್ಕಾಲು ಪಾಲಿಗೆ ಕಡಿಮೆಯಾದದ್ದು ನಾಲ್ಕು ಕೈ ಅಷ್ಟೇ. ಹೆಚ್ಚು ಅಂತರದಲ್ಲಿ ಬಿದ್ದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಆ ಸಿಟ್ಟಿನಲ್ಲಿ ಅಧ್ಯಕ್ಷರಿಗೆ ಫೋನ್ ಮಾಡಿ, ನಡಾವಳಿ ಪುಸ್ತಕ ತಂದು ನಿಮ್ಮ ಮನೆ ಮುಂದೆ ಇಟ್ಟುಹೋಗುತ್ತೇನೆ ಎಂದೆ. ಪಾಪ, ಅವರು ಸಹಾಯ ಮಾಡೋಣ ಅಂತ ಮಾಡಿದ್ದಮ್ಮಾ ಎಂದು ತೊದಲಿದರು. ಆಂಟಿಗೆ ಫೋನ್ ಮಾಡಿದಾಗ ಡಿಕ್ಲರೇಷನ್ ವಿಷಯವನ್ನು ಅವರು ಒಂದೇ ಮಾತಿನಲ್ಲಿ ತಳ್ಳಿಹಾಕಿದರು.

“ಆ ತಾರೀಖಿನ ಮ್ಯಾಲೆ ನಾ ನೌಕರಿ ಮಾಡೀನಿ, ಪೆನ್ಷನ್ ತಗೋಳಾಕತ್ತೀನಿ. ಈಗ ಖುರ್ಚಿ ಸಲುವಾಗಿ ಬ್ಯಾರೆ ತಾರೀಖು ತರ್ಲೇನು? ನಾಳೆ ನನ್ನ ಮುಂದ ಯಾರರ ಸುಳ್ಳು ಹೇಳಿದ್ರ ಯಾವ ಮುಖಾ ಇಟ್ಕೊಂಡು ಬೈಲಿ?”

ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿದೆ. ಎರಡೂ ಊರಲ್ಲಿ ಇನ್ನೊಂದು ಸುತ್ತು ಸಭೆ ಕರೆಯಲು ಜುಲೈ ಒಳಗೆ ಸಮಯವಿತ್ತು, ಆದರೆ ಒಂದೇ ಸುತ್ತಿಗೆ. ಈ ಸಲ ಬಿದ್ದರೆ ಮುಗಿಯಿತು. ಹಾಗಾಗಿ ಅದೇ ಠರಾವನ್ನು ಮತ್ತೆ ಒಯ್ಯುವ ಮೊದಲು ವಿರೋಧಿಸಿದವರನ್ನು ಮುಖತಃ ಕಾಣಬೇಕು ಎನಿಸಿತು. ಕಚೇರಿಗೆ ಒಂದು ದಿನ ರಜೆ ಹಾಕಿ ಮೆಲ್ಬರ್ನಿಗೆ ಹೋದೆ.

ಅಲ್ಲಿ ವಿರೋಧದ ಮುಂದಾಳು ಒಬ್ಬ ದಾವಣಗೆರೆಯ ಹುಡುಗ. ಹುಡುಗ ಎನ್ನುವುದು ನನ್ನ ಅಭ್ಯಾಸ, ಅವನಿಗೆ ಮೂವತ್ತೈದಾಗಿದೆ. ಓದಲು ಬಂದು, ರಾತ್ರಿ ಪೆಟ್ರೋಲ್ ಬಂಕಿನಲ್ಲಿ ನಿಂತು, ಪಿಆರ್ ಪಡೆದು ಈಗ ಐಟಿಯಲ್ಲಿದ್ದಾನೆ. ಟಾರ್ನಿಟ್‌ನ ಒಂದು ಮೈದಾನದಲ್ಲಿ ಮಗಳ ಕ್ರಿಕೆಟ್ ಅಭ್ಯಾಸ ನಡೆಯುವಾಗ ಸಿಗುತ್ತೇನೆ ಎಂದಿದ್ದ. ಅವನು ಕನ್ನಡದಲ್ಲಿ ಕೂಗಿದ್ದಕ್ಕೆಲ್ಲ ಆ ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿತ್ತು. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಬೇರೆ ರಾಜ್ಯದ ನ್ಯಾಯಾಧೀಶರ ವಯೋಮಿತಿ, ನಮ್ಮಲ್ಲಿ ಅಭ್ಯರ್ಥಿಗಳ ಬರ, ಎಲ್ಲ ಬರೆದುಕೊಂಡಿದ್ದೆ. ಅವನು ಅಷ್ಟನ್ನೂ ಸಮಾಧಾನದಿಂದ ಕೇಳಿ, ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿ ಕೊಟ್ಟ.

“ಅಕ್ಕಾ, ಎಪ್ಪತ್ತೈದು ಮಾಡಿ, ಎಂಬತ್ತು ಬೇಕಾದ್ರೂ ಮಾಡಿ, ನಮಗೆ ಏಜ್ ಪ್ರಾಬ್ಲಮ್ಮೇ ಅಲ್ಲ. ಸೀಟಲ್ಲಿ ಕೂತಿರೋರೇ ತಮ್ಮ ಟರ್ಮ್ ತಾವೇ ಎಕ್ಸ್‌ಟೆಂಡ್ ಮಾಡ್ಕೊಂಡ್ರೆ ಬೇಲಿನೇ ಎದ್ದು ಹೊಲ ಮೇಯ್ದಂಗೆ ಆಗಲ್ವಾ? ಇವತ್ತು ಆಂಟಿ ಒಳ್ಳೆಯೋರು. ನಾಳೆ ಬರೋರು ಹೆಂಗಿರ್ತಾರೋ ಯಾರಿಗೆ ಗೊತ್ತು?”

ಬರೆದುಕೊಂಡು ಹೋಗಿದ್ದ ಕಾಗದವನ್ನು ಮಡಚಿ ಚೀಲದಲ್ಲಿಟ್ಟೆ. ವಿಮಾನದಲ್ಲಿ ವಾಪಸು ಬರುವಾಗ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ, ಆಗಲಿಲ್ಲ.

ಮರುದಿನ ಸಂಜೆ ಆಂಟಿಯ ವೆಸ್ಟ್‌ಮೀಡ್ ಫ್ಲ್ಯಾಟಿಗೆ ಹೋದೆ. ಅವರು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ನಮ್ಮ ವಾದವನ್ನು ಹೇಳಲು ಶುರುಮಾಡಿದ ಕೂಡಲೇ ಕೈ ಅಡ್ಡ ಮಾಡಿದರು. ಮೊದಲು ಆ ಹುಡುಗನ ದೂರು ಹೇಳು ಎಂದರು. ಹೇಳಿದೆ. ಅವರು ಸೊಪ್ಪು ಕೆಳಗಿಟ್ಟು, ಅದನ್ನು ತಾವೇ ಇನ್ನೊಮ್ಮೆ ಹೇಳಿ ನೋಡಿದರು, ನಾನು ಹೇಳಿದ್ದಕ್ಕಿಂತ ಚೆನ್ನಾಗಿ. ಪಂಚರಾದವರು ನಿಯಮದ ಪ್ರಕಾರ ಬೇರೆಯವರಿಗೆ ಇಲ್ಲ ಎನ್ನುತ್ತಾರೆ, ತಮ್ಮ ಸರದಿ ಬಂದಾಗ ನಿಯಮವನ್ನೇ ತಿದ್ದುತ್ತಾರೆ, ಹಾಗಿದ್ದ ಮೇಲೆ ಅವರ ಮಾತನ್ನು ನಾವು ಯಾಕೆ ಕೇಳಬೇಕು. ಇಷ್ಟು ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದರು.

“ನೋಡವಾ, ಹೇಳ್ತಾ ಹೇಳ್ತಾ ನನಗೂ ಖರೇ ಅನಸ್ತು,” ಎಂದರು. “ಹಿಂಗ ಬರಿ. ವಯಸ್ಸು ಎಪ್ಪತ್ತೈದು, ಆದ್ರ ಈಗ ಖುರ್ಚಿ ಮ್ಯಾಲೆ ಕುಂತವರಿಗೆ ಇದು ಬರೂದಿಲ್ಲ.”

ಐವರು ಪಂಚರಲ್ಲಿ ಆ ಗೆರೆ ಮುಟ್ಟುತ್ತಿದ್ದವರು ಅವರೊಬ್ಬರೇ. “ಆಂಟಿ, ಇಷ್ಟೆಲ್ಲಾ ಮಾಡಿದ್ದು ನಿಮ್ಮ ಸಲುವಾಗಿ,” ಎಂದೆ.

“ಅದಕ್ಕ ಅದು ಬಿತ್ತು,” ಎಂದರು.

ನಾನು ಸುಲಭಕ್ಕೆ ಬಿಡಲಿಲ್ಲ. ಬೇಲಿಯ ಗತಿಯೇನು ಎಂದೆ, ಅವರಿಬ್ಬರೂ ಟ್ರಿಬ್ಯೂನಲ್‌ಗೆ ಹೋಗುತ್ತಾರೆ ಎಂದು ಹೆದರಿಸಿದೆ. ನನ್ನ ಅವಧಿ ಆಗಸ್ಟ್ ತನಕ ಇದೆಯಲ್ಲ, ಅಷ್ಟರೊಳಗೆ ಆಗದ ಕೆಲಸ ಇನ್ನೆರಡು ವರ್ಷ ಕೊಟ್ಟರೂ ಆಗುವುದಿಲ್ಲ ಎಂದುಬಿಟ್ಟರು. ಮನೆಗೆ ಬರುವಾಗ ರೈಲಿನಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಮುಂದಿನ ಅವಧಿ ಹೇಗೂ ಸಿಗುತ್ತದೆ ಎಂಬ ಧೈರ್ಯದಲ್ಲಿ ಆ ಬೇಲಿಯ ವಿಚಾರಣೆಯನ್ನು ನಾವೇ ಎರಡು ಸಲ ಮುಂದಕ್ಕೆ ಹಾಕಿದ್ದೆವು.

ಹೊಸ ಒಕ್ಕಣೆ ಬರೆದು, ನೋಟಿಸು ಕಳಿಸುವ ಮುಂಚೆ ದಾವಣಗೆರೆಯ ಹುಡುಗನಿಗೆ ಫೋನಿನಲ್ಲಿ ಓದಿದೆ. ಅವನು ಇನ್ನೊಮ್ಮೆ ಓದಿಸಿದ. ಆಮೇಲೆ, ಈಗ ಇರುವವರಿಗೆ ಯಾವತ್ತೂ ಇಲ್ಲ ಅಂದರೆ ಅದು ಶಿಕ್ಷೆಯಾಗುತ್ತದೆ, ನಾವು ಕೇಳಿದ್ದು ಅದಲ್ಲ, ಒಂದು ಅವಧಿ ಬಿಟ್ಟು ನಿಲ್ಲಲಿ ಎಂದು ಬರೆದರೆ ಸಾಕು ಎಂದ. ಆಂಟಿಯನ್ನು ಕೇಳಿದೆ, ಹಾಗೇ ಆಗಲಿ ಎಂದರು. ‘ಈ ತಿದ್ದುಪಡಿಯ ದಿನ ಪಂಚರಾಗಿರುವವರಿಗೆ ಮುಂದಿನ ಒಂದು ಅವಧಿಗೆ ಹಳೆಯ ಮಿತಿಯೇ ಅನ್ವಯಿಸುತ್ತದೆ’ ಎಂದು ಸೇರಿಸಿದೆ. ಚಿಕ್ಕ ಕಲಮು ದಪ್ಪಗಾಯಿತು.

ಒಕ್ಕಣೆ ಬದಲಾದ್ದರಿಂದ ಸಿಡ್ನಿಯವರೂ ಮತ್ತೆ ಓಟು ಹಾಕಬೇಕಾಯಿತು. ಅಲ್ಲಿ ತೊಂದರೆ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮಾರ್ಚಿನಲ್ಲಿ ಎರಡೂ ಕೈ ಎತ್ತಿದ್ದವರೇ ಈಗ ಮುಖ ಊದಿಸಿಕೊಂಡರು. ಆಂಟಿಯನ್ನು ಮನೆಗೆ ಕಳಿಸುವ ಠರಾವಿಗೆ ನಾವು ಕೈ ಎತ್ತಬೇಕೇ, ಮೆಲ್ಬರ್ನಿನವರು ಹೇಳಿದರೆಂದು ನೀವು ಕುಣಿಯುತ್ತೀರಾ ಎಂದು ಪೆಂಡಲ್ ಹಿಲ್‌ನ ಅಂಗಡಿಯ ಅಕ್ಕಿ ಚೀಲಗಳ ನಡುವೆ ಮಹಿಳಾ ವಿಭಾಗದವರು ನನ್ನನ್ನು ತಡೆದು ಕೇಳಿದರು. ಹುಬ್ಬಳ್ಳಿಯ ಒಬ್ಬ ಹಿರಿಯರಂತೂ ನನ್ನ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳುವುದನ್ನೂ ಬಿಟ್ಟರು. ಶತ್ರುಗಳನ್ನು ಒಲಿಸಿಕೊಂಡು ಬಂದರೆ ಮನೆಯವರೇ ಬಾಗಿಲು ಹಾಕಿಕೊಂಡಿದ್ದರು.

ಈ ಕೆಲಸ ಆಂಟಿಯೇ ಮಾಡಬೇಕಾಯಿತು. ದಿನಾ ಸಂಜೆ ಒಬ್ಬೊಬ್ಬರಿಗೆ ಫೋನ್ ಮಾಡಿದರು. ಸಭೆಯಲ್ಲಿ ಠರಾವನ್ನು ಅನುಮೋದಿಸಲು ತಾವೇ ಎದ್ದು ನಿಂತರು. ತಮಗೆ ಲಾಭವಾಗುವ ಠರಾವನ್ನು ಪಂಚರು ಅನುಮೋದಿಸಬಾರದೆಂದು ನಿಯಮವಿದೆ. ನಷ್ಟವಾಗುವುದನ್ನು ಅನುಮೋದಿಸಬಾರದೆಂದು ಎಲ್ಲೂ ಇಲ್ಲ, ನಾನು ಹುಡುಕಿ ನೋಡಿದ್ದೆ. ಕೈಗಳು ಮೇಲೆ ಬಂದವು, ಆದರೆ ಸಂಕಟಪಟ್ಟುಕೊಂಡು, ಒಂದೊಂದಾಗಿ. ಹುಬ್ಬಳ್ಳಿಯ ಹಿರಿಯರು ಕೊನೆಗೆ ಎತ್ತಿದರು. ಎಣಿಸಿದೆ. ಮುಕ್ಕಾಲು ಪಾಲು ದಾಟಿತು, ಸ್ವಲ್ಪದರಲ್ಲಿ.

ಜೂನ್ ಕೊನೆಯ ಭಾನುವಾರ ಆಂಟಿ ಮತ್ತು ನಾನು ಬೆಳಗಿನ ವಿಮಾನದಲ್ಲಿ ಮೆಲ್ಬರ್ನಿಗೆ ಹೋದೆವು. ಅವರಿಗೆ ಎಪ್ಪತ್ತಾಗಿ ನಾಲ್ಕು ವಾರವಾಗಿತ್ತು. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಅರ್ಧ ರೊಟ್ಟಿಯನ್ನು ಪಕ್ಕದ ಸೀಟಿನ ಅಪರಿಚಿತನಿಗೂ ತಿನ್ನಿಸಿದರು. ಟಾರ್ನಿಟ್‌ನ ಸಭಾಂಗಣದಲ್ಲಿ ಹೀಟರ್ ಕೆಟ್ಟಿತ್ತು, ಜನ ಜಾಕೆಟ್ಟಿನ ಜೇಬಿನಿಂದ ಕೈ ತೆಗೆಯುತ್ತಿರಲಿಲ್ಲ. ಓಟಿಗೂ ತೆಗೆಯುತ್ತಾರೋ ಇಲ್ಲವೋ ಎಂಬ ಚಿಂತೆ ನನಗೆ.

ಅಧ್ಯಕ್ಷರು ಈ ಸಲ ನನ್ನ ಮಾತು ಕೇಳಿ, ಠರಾವು ಓದಿ ಕೂತುಬಿಟ್ಟರು. ಆಂಟಿ ಎದ್ದರು. ತಮ್ಮ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ಏಪ್ರಿಲಿನಲ್ಲಿ ಇದೇ ಊರಿನವರು ಯಾಕೆ ಬೇಡ ಎಂದರೋ ಅದನ್ನೇ ಒಂದೊಂದಾಗಿ ಹೇಳಿದರು. ಹೇಳಿ ಮುಗಿಸಿ ದಾವಣಗೆರೆಯ ಹುಡುಗನ ಕಡೆ ತಿರುಗಿದರು.

“ನಾ ಹೇಳಿದ್ದು ಬರೋಬ್ಬರಿ ಐತೇನಪಾ?”

ಅವನು ಎದ್ದು ನಿಂತ. “ಒಂದು ಬಿಟ್ರಿ ಆಂಟಿ. ಜಾತಕ.”

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷರು ನೆಲ ನೋಡಿದರು. ಆಂಟಿಯೂ ನಕ್ಕು, ಹೌದು, ಅದೂ ಸೇರಿಸಬೇಕು ಎಂದು ಅದನ್ನೂ ಸೇರಿಸಿ ಹೇಳಿದರು. ಅವನು ಬರೋಬ್ಬರಿ ಇದೆ ಎಂದು ಒಪ್ಪಿದ ಮೇಲೆಯೇ ಅವರು ಕೂತದ್ದು. ಓಟಿಗೆ ಕರೆದಾಗ ಜೇಬುಗಳಿಂದ ಕೈಗಳು ಹೊರಗೆ ಬಂದವು. ಮೊದಲು ಬಂದ ಕೈಗಳಲ್ಲಿ ಅವನದೂ ಒಂದು. ಎರಡು ಸಲ ಎಣಿಸಿದೆ. ಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಧ್ಯಕ್ಷರನ್ನೂ ಕ್ಷಮಿಸಿಬಿಟ್ಟೆ.

ಉಳಿದದ್ದು ಬೇಲಿ. ಜುಲೈನ ಒಂದು ಶನಿವಾರ ಆಂಟಿ ಆ ಇಬ್ಬರನ್ನೂ ಮಾರ್ಸ್ಡನ್ ಪಾರ್ಕಿನ ಉದ್ಯಾನದ ಒಂದೇ ಬೆಂಚಿನ ಮೇಲೆ ಕೂರಿಸಿದರು. ಇದು ಕೊನೆಯ ಸಲ, ಇವತ್ತು ಎದ್ದುಹೋದರೆ ನಾನು ಮತ್ತೆ ಸಿಗುವುದಿಲ್ಲ ಎಂದು ಮೊದಲೇ ಹೇಳಿದರು. ಕೆಳಗಿನ ಮನೆಯವನು ಮೇಲಿನವನ ದೂರು ಹೇಳಬೇಕಿತ್ತು. ಬಹಳ ಹೊತ್ತು ಬೂಟಿನಿಂದ ಹುಲ್ಲು ಕೆದರಿದ. ಆಮೇಲೆ, ಅವನ ತಾಯಿ ಬೆಳಗಾವಿಯಿಂದ ಬಂದಿದ್ದಾಗ ಇಳಿಜಾರಿನಲ್ಲಿ ಜಾರಿ ಬಿದ್ದರು, ಅದಾದ ಮೇಲೆ ಅವರಿಗೆ ಅಡ್ಡಾಡಲು ಆಗಲಿ ಎಂದು ಮಣ್ಣು ಹಾಕಿಸಿದ, ನಾನು ಒಮ್ಮೆಯೂ ಅವರನ್ನು ನೋಡಲು ಹೋಗಲಿಲ್ಲ ಎಂದ. ಮೇಲಿನವನು ತಲೆ ತಗ್ಗಿಸಿ, ಮಳೆ ಬಂದಾಗಲೆಲ್ಲ ನನ್ನ ಮಣ್ಣು ಇವನ ಮಗಳ ಕೋಣೆಯ ಕಿಟಕಿಗೆ ಬಂದು ನಿಲ್ಲುತ್ತದೆ ಎಂದ. ಎರಡೂ ಮಾತು ಇಬ್ಬರಿಗೂ ಮೊದಲಿನಿಂದ ಗೊತ್ತಿದ್ದವೇ.

ತೀರ್ಮಾನ ಸರಳವಾಗಿತ್ತು. ಬೇಲಿಯ ಬದಿಯ ಮಣ್ಣು ತೆಗೆದು, ಬುಡಕ್ಕೆ ಸಿಮೆಂಟ್ ದಿಮ್ಮಿ ಕೂರಿಸಿ, ತಗಡನ್ನು ನೆಟ್ಟಗೆ ಮಾಡಬೇಕು. ದಿಮ್ಮಿ ಕೂರಿಸಲು ಕೆಲಸದವರು ಬರಲಿ, ಆದರೆ ಮಣ್ಣು ತೆಗೆಯುವುದು ಇವರಿಬ್ಬರೇ, ಒಂದೇ ತಳ್ಳುಗಾಡಿಯಲ್ಲಿ. ಎರಡು ವಾರಾಂತ್ಯ ಹಿಡಿಯಿತು. ಕೀಬೋರ್ಡ್ ಬಿಟ್ಟು ಬೇರೇನೂ ಎತ್ತಿದವರಲ್ಲ, ಇಬ್ಬರೂ ಸೊಂಟ ಹಿಡಿದುಕೊಂಡು ಓಡಾಡಿದರು. ಕೊನೆಯ ದಿನ ನಾನು ಹೋದಾಗ ಎರಡೂ ಮನೆಯ ಮಕ್ಕಳು ಕಿತ್ತಿಟ್ಟ ತಗಡಿನ ಜಾಗದಿಂದ ಆ ಕಡೆ ಈ ಕಡೆ ಓಡುತ್ತಿದ್ದರು, ಹೆಂಡಂದಿರು ಒಂದೇ ಅಡುಗೆಮನೆಯಲ್ಲಿದ್ದರು. ನಡಾವಳಿಯಲ್ಲಿ ‘ವ್ಯಾಜ್ಯ ಇತ್ಯರ್ಥವಾಯಿತು’ ಎಂದು ಬರೆದೆ.

ಆಗಸ್ಟಿನಲ್ಲಿ ಆಂಟಿಯ ಅವಧಿ ಮುಗಿಯಿತು. ಹೊಸ ಮಿತಿಯಿಂದಾಗಿ ಮೆಲ್ಬರ್ನಿನಲ್ಲಿ ಎಪ್ಪತ್ತೆರಡರ ನಿವೃತ್ತ ಟ್ರಾಮ್ ಚಾಲಕರೊಬ್ಬರು ಮೊದಲ ಸಲ ಪಂಚರಾದರು, ಒಳ್ಳೆಯ ಕೆಲಸ ಮಾಡಿದರು. ಸಿಡ್ನಿಯಲ್ಲಿ ಆಂಟಿಯ ಜಾಗಕ್ಕೆ ಬಂದವರು ಹೊಸಬರು, ಮೊದಮೊದಲು ತಡವರಿಸಿದರು, ಆಮೇಲೆ ಕಲಿತರು. ಆಂಟಿ ಒಮ್ಮೆಯೂ ವಿಚಾರಣೆಯ ಕಡೆ ತಲೆ ಹಾಕಲಿಲ್ಲ. ಯಾರಾದರೂ ಮನೆಗೆ ದೂರು ಹೊತ್ತು ಬಂದರೆ ಚಹಾ ಕೊಟ್ಟು ಹೊಸ ಪಂಚರ ನಂಬರ್ ಕೊಟ್ಟು ಕಳಿಸುತ್ತಿದ್ದರು.

ಈ ವರ್ಷ ಮತ್ತೆ ಚುನಾವಣೆ ಬಂತು. ಆಂಟಿ ಈಗ ನಿಲ್ಲಬಹುದಿತ್ತು, ಆದರೆ ಸಾಕಾಯಿತು, ಇನ್ನು ಆರಾಮ ಇರುತ್ತೇನೆ ಎಂದು ಹೇಳುತ್ತಲೇ ಇದ್ದರು. ನಾನು ಒತ್ತಾಯಿಸಲಿಲ್ಲ, ಒಮ್ಮೆ ಒತ್ತಾಯಿಸಿ ಕೈ ಸುಟ್ಟುಕೊಂಡವಳು. ಕೊನೆಯ ದಿನಕ್ಕೆ ಇನ್ನೂ ಸಮಯವಿರುವಾಗ ಅವರ ಹೆಸರಿನಲ್ಲಿ ಒಂದು ನಾಮಪತ್ರ ಬಂತು. ಅಭ್ಯರ್ಥಿಯ ಒಪ್ಪಿಗೆ ಬೇಕಾಗುತ್ತದೆ, ಹಾಗಾಗಿ ಫೋನ್ ಮಾಡಿದೆ. ಯಾರು ಕಳಿಸಿದ್ದು, ನಿನ್ನದೇ ಕಿತಾಪತಿ ಇರಬೇಕು ಎಂದು ಗದರಿದರು. ನನ್ನದಲ್ಲ, ಮೆಲ್ಬರ್ನಿನಿಂದ ಬಂದಿದೆ ಎಂದು ಸೂಚಕರ ಹೆಸರು ಓದಿದೆ.

“ಬ್ಯಾಡ ಅಂದಾಂವ?”

“ಹೂಂ ಆಂಟಿ, ಅವನೇ.”

“ಹಂಗಾರ ನಿಲ್ತೀನಿ,” ಎಂದರು.